ಕೊಳೆತ ಹನ್ನೆರಡು ಬಿಲ್ಲೆ

ನಮ್ಮ ಮಠದ ಚೀಸ್ ಕೊಳ್ಳಲು ಬರುವವರು ಬಿಲ್ಲೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಆಹಾ, ಎಂಥ ಪವಿತ್ರ ಪರಿಮಳ" ಎನ್ನುತ್ತಾರೆ. ಹಾಲು, ಉಪ್ಪು, ನೆಲಮಾಳಿಗೆಯ ಬೂಷ್ಟು, ಅಷ್ಟೇ ಅದು. ಪವಿತ್ರ ಎನ್ನುವವರು ಒಂದು ದಿನ ಬಂದು ಅದನ್ನು ಸೋಸುವ ಬಟ್ಟೆ ಒಗೆಯಲಿ. ಮೂರು ಸಲ ಕುದಿಸಿದರೂ ಅದು ಹಾಲು ಕಕ್ಕಿದ ಮಗುವಿನ ಅಂಗಿಯ ಹಾಗೆ ನಾರುತ್ತದೆ. ಎರಡು ವರ್ಷದಿಂದ ಅದನ್ನು ಒಗೆಯುತ್ತಿದ್ದವಳು ನಾನು.

ನಾನು ಸನ್ಯಾಸಿನಿಯಲ್ಲ, ಕೆಲಸದವಳು. ಕೆಲಸ ಕೊಡಿಸಿದ್ದು ಇಲ್ಲಿ ಸನ್ಯಾಸಿನಿಯಾಗಿರುವ ನನ್ನ ಚಿಕ್ಕಮ್ಮ. ಇಪ್ಪತ್ತೆರಡು ವರ್ಷದಿಂದ ಚೀಸ್ ಕೋಣೆ ಅವಳದು. ಮಠದಲ್ಲಿ ಯಾರಿಗೂ ಸ್ವಂತದ್ದೆಂದು ಏನೂ ಇರಬಾರದು. ಆದರೂ ಆ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು, ಸ್ನಾನಕ್ಕೆ ಹೋದಾಗಲೂ.

ಬಿಲ್ಲೆಗಳನ್ನು ಮರದ ಹಲಗೆಯ ಮೇಲೆ ಜೋಡಿಸಿ, ದಿನಕ್ಕೊಮ್ಮೆ ಮಗುಚಿ, ಉಪ್ಪುನೀರಿನ ಬಟ್ಟೆಯಲ್ಲಿ ಒರೆಸಬೇಕು. ಕತ್ತರಿಸಿ ನೋಡುವ ಹಾಗಿಲ್ಲ. ಒಳಗೆ ಹೇಗಿದೆ ಎನ್ನುವುದನ್ನು ಮೂಗಿನಲ್ಲೇ ತಿಳಿಯಬೇಕು. ಹುಳಿ ವಾಸನೆ ಬಂದರೆ ಸರಿ. ಕೊಳೆತ ವಾಸನೆಯ ಎಳೆ ಸಿಕ್ಕರೂ ಆ ಬಿಲ್ಲೆಯನ್ನು ಅಂದೇ ಬೇರೆ ಇಡಬೇಕು, ಇಲ್ಲದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ. ಇದರಲ್ಲಿ ಚಿಕ್ಕಮ್ಮನನ್ನು ಮೀರಿಸುವವರು ಇರಲಿಲ್ಲ. ಕಳೆದ ಚಳಿಗಾಲದ ಜ್ವರದಲ್ಲಿ ಅವಳ ಮೂಗು ಸತ್ತುಹೋಯಿತು. ಜ್ವರ ಇಳಿಯಿತು, ವಾಸನೆ ವಾಪಸ್ಸು ಬರಲಿಲ್ಲ.

"ಯಾರಿಗೂ ಹೇಳ್ಬೇಡ ಕಣೇ," ಎಂದಿದ್ದಳು. "ಗೊತ್ತಾದ್ರೆ ಬೀಗದ ಕೈ ಕಿತ್ಕೊಂಡು ಹೊಲಿಗೆ ಕೋಣೆಲಿ ಕೂರಿಸ್ತಾರೆ. ಆ ಮುದುಕಿಯರ ಮಧ್ಯೆ ಗುಂಡಿ ಹಾಕ್ತಾ ಕೂತ್ರೆ ವಾರದಲ್ಲಿ ಸತ್ತೋಗ್ತೀನಿ."

ಅಂದಿನಿಂದ ಮೂಗು ನನ್ನದು, ಹೆಸರು ಅವಳದು. ಅವಳು ಬಿಲ್ಲೆಯ ಮೇಲೆ ಬಾಗಿ ಮೂಸುವ ನಾಟಕ ಮಾಡುವಳು. ಪಕ್ಕದಲ್ಲಿ ಒರೆಸುತ್ತಿದ್ದ ನಾನು ಕೆಟ್ಟದ್ದು ಸಿಕ್ಕರೆ ಮೊಣಕೈಯಿಂದ ತಿವಿಯುವೆ. ಎಂಟು ತಿಂಗಳು ಹೀಗೇ ನಡೆಯಿತು. ಆಮೇಲೆ ಅಕ್ಕನ ಹೆರಿಗೆಯೆಂದು ಹತ್ತು ದಿನ ಊರಿಗೆ ಹೋದೆ.

ವಾಪಸ್ಸು ಬಂದ ದಿನ ನೆಲಮಾಳಿಗೆಯ ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಗೋಡೆಯೊಳಗೆ ಹೆಗ್ಗಣ ಸತ್ತು ಉಬ್ಬಿದ ಹಾಗಿತ್ತು ವಾಸನೆ. ಕೆಳಗೆ ಚಿಕ್ಕಮ್ಮ ಆರಾಮಾಗಿ ಬಿಲ್ಲೆ ಒರೆಸುತ್ತಿದ್ದಳು. ಅವಳ ಬೆರಳು ಒತ್ತಿದಲ್ಲೆಲ್ಲ ಸಿಪ್ಪೆ ಕುಸಿದು ಬೂದು ಬಣ್ಣದ ಲೋಳೆ ಹೊರಗೆ ಬರುತ್ತಿತ್ತು. ಎಣಿಸಿದೆ, ಹನ್ನೆರಡು.

"ಏನೇ ಮುಖ ಹಾಗ್ಮಾಡ್ತೀಯ?" ಎಂದಳು. "ಸ್ವಲ್ಪ ಮೆತ್ತಗಾಗಿವೆ, ಅಷ್ಟೇ ತಾನೇ?"

ನಾನು ಉತ್ತರ ಕೊಡುವ ಮೊದಲೇ ಮಠದ ಮುಖ್ಯಸ್ಥೆ ಹಿರಿಯಮ್ಮ ಸೆರಗನ್ನು ಮೂಗಿಗೊತ್ತಿಕೊಂಡು ಇಳಿದು ಬಂದರು.

ಮಠಕ್ಕೊಂದು ಹಳೆಯ ನಿಯಮವಿದೆ. ಕೈಯಾರೆ ಮಾಡಿದ ಆಹಾರವನ್ನು ಎಸೆಯುವ ಹಾಗಿಲ್ಲ. ಕೆಟ್ಟರೆ ಕೆಡಿಸಿದವರೇ ತಿಂದು ಮುಗಿಸಬೇಕು. ಸೀದ ಬ್ರೆಡ್ಡು, ಹುಳಿಯಾದ ಹಣ್ಣಿನ ರಸ, ಇಷ್ಟಕ್ಕೇ ಆ ನಿಯಮ ಇಲ್ಲಿಯವರೆಗೆ ಸಾಕಾಗಿತ್ತು.

ಮಧ್ಯಾಹ್ನದ ಊಟಕ್ಕೆ ಚಿಕ್ಕಮ್ಮನ ಮುಂದೆ ಒಂದು ಬಿಲ್ಲೆ ಇಟ್ಟರು. ಮೂವತ್ತು ಜನ ಮೂಗು ಹಿಡಿದು ನೋಡುತ್ತಿದ್ದೆವು. ಅವಳು ಚಮಚದಲ್ಲಿ ಲೋಳೆ ತೆಗೆದು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಅಗಿಯಲು ಅದರಲ್ಲಿ ಏನಿತ್ತೋ! ತುಟಿಯ ಮೂಲೆಯಲ್ಲಿ ಇಳಿದದ್ದನ್ನು ನಾಲಿಗೆಯಿಂದ ನೆಕ್ಕಿಕೊಂಡು, "ಉಪ್ಪು ಒಂದು ಚೂರು ಜಾಸ್ತಿ" ಎಂದಳು.

"ಇವಳ ಹೊಟ್ಟೆಯೋ, ತಿಪ್ಪೆಗುಂಡಿಯೋ!" ಎಂದು ಅಡುಗೆಯಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಹಿರಿಯಮ್ಮನ ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. "ನೋಡ್ರಮ್ಮ. ಮುಖ ಸಿಂಡರಿಸಲಿಲ್ಲ. ಅಸಹ್ಯ ಅನ್ನೋದು ಅಹಂಕಾರ. ಈಕೆ ಅದನ್ನ ಗೆದ್ದಿದ್ದಾಳೆ. ನಾಳೆಯಿಂದ ಎಲ್ಲರೂ ತಿನ್ನೋಣ."

ಆಗ ಚಿಕ್ಕಮ್ಮ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ತಲೆ ತಗ್ಗಿಸಿ, ಹೊಗಳಿಸಿಕೊಂಡ ಹೊಸ ಸೊಸೆಯ ಹಾಗೆ ಕೆಂಪಾದಳು. ಲೋಳೆಗಿಂತ ನನಗೆ ಹೇಸಿಗೆಯಾದದ್ದು ಆ ಮುಖ ನೋಡಿ.

ಮರುದಿನ ಎಲ್ಲರ ತಟ್ಟೆಯಲ್ಲೂ ಎರಡೆರಡು ಚಮಚ. ಅದನ್ನು ಗಂಟಲಲ್ಲಿ ಇಳಿಸಿಕೊಳ್ಳಲು, ಚೀಸ್ ಮಾಡಿ ಉಳಿದ ಹುಳಿನೀರಿನ ಷರಬತ್ತು. ಹೊಲಿಗೆ ಕೋಣೆಯ ಮುದುಕಿಯರು ಔಷಧಿಯ ಹಾಗೆ ಗುಟುಕರಿಸಿದರು. ಹಿರಿಯಮ್ಮ ತಾವೂ ತಿಂದರು. ಹಣೆಯಲ್ಲಿ ಬೆವರೊಡೆಯಿತು, ಆದರೂ ನಗುತ್ತಿದ್ದರು. ನನ್ನ ಎದುರಿಗೆ ಮಠಕ್ಕೆ ಸೇರಿ ತಿಂಗಳೂ ಆಗದ ಹೊಸ ಹುಡುಗಿ ಕೂತಿದ್ದಳು. ಅವಳು ಮೊದಲ ಚಮಚ ನುಂಗಿದಳು, ಅದು ವಾಪಸ್ಸು ಬಂತು, ಅಂಗೈಯಲ್ಲಿ ಹಿಡಿದಳು. ಸುತ್ತ ನೋಡಿ, ಅಂಗೈಯಲ್ಲಿದ್ದದ್ದನ್ನು ಮತ್ತೆ ಬಾಯಿಗೆ ಹಾಕಿಕೊಂಡಳು.

ನಾನು ಎದ್ದು ನಿಂತೆ. ಚಿಕ್ಕಮ್ಮ ನನ್ನನ್ನೇ ನೋಡಿ ತಲೆ ಅಲ್ಲಾಡಿಸಿದಳು, ಬೇಡ ಎಂದು.

"ಚಿಕ್ಕಮ್ಮ ಏನನ್ನೂ ಗೆದ್ದಿಲ್ಲ," ಎಂದೆ. "ಅವರಿಗೆ ವಾಸನೆಯೇ ಬರಲ್ಲ. ಎಂಟು ತಿಂಗಳಿಂದ ಮೂಸ್ತಿರೋದು ನಾನು."

ಹಿರಿಯಮ್ಮ ಅಡುಗೆಮನೆಯಿಂದ ಫಿನಾಯಿಲಿನಲ್ಲಿ ಅದ್ದಿದ ನೆಲ ಒರೆಸುವ ಬಟ್ಟೆ ತರಿಸಿ, ಚಿಕ್ಕಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಅದನ್ನು ಅವಳ ಮೂಗಿನ ಕೆಳಗೆ ಹಿಡಿದರು.

"ಇದೇನು ಹೇಳು."

ಚಿಕ್ಕಮ್ಮ ಉದ್ದಕ್ಕೆ ಉಸಿರೆಳೆದಳು. ಇಪ್ಪತ್ತೆರಡು ವರ್ಷದ ಠೀವಿಯಲ್ಲೇ ಎಳೆದಳು.

"ಹಾಲು," ಎಂದಳು. "ತಾಜಾ ಹಾಲು."

ಯಾರೋ ಕಿಸಕ್ಕನೆ ನಕ್ಕರು. ಹಿರಿಯಮ್ಮ ಕೈ ಚಾಚಿದರು. ಚಿಕ್ಕಮ್ಮ ಕಣ್ಣು ಬಿಟ್ಟು ಬಟ್ಟೆಯನ್ನು ನೋಡಿದಳು, ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು.

ಇಷ್ಟಾದ ಮೇಲೆ ತಟ್ಟೆಗಳನ್ನು ಎತ್ತಿಸುತ್ತಾರೆ ಎಂದುಕೊಂಡಿದ್ದೆ. ಹಿರಿಯಮ್ಮ ಕೂತು, "ಹೂಂ, ತಿನ್ನಿ. ನಿಯಮ ನಿಯಮವೇ" ಎಂದರು. ಚಿಕ್ಕಮ್ಮನ ಗೆಲುವು ಸುಳ್ಳಾದರೂ ಅವರಿಗೆ ಉಪದೇಶ ಬಿಡಲು ಮನಸ್ಸಿರಲಿಲ್ಲ.

"ಕೆಡಿಸಿದವರು ತಿನ್ಬೇಕು ಅನ್ನೋದು ನಿಯಮ," ಎಂದಳು ಚಿಕ್ಕಮ್ಮ. "ಇವರೇನು ಕೆಡಿಸಿದ್ರು?" ಅವಳು ಹೊಸ ಹುಡುಗಿಯ ತಟ್ಟೆಯನ್ನು ಎಳೆದು ತನ್ನದಕ್ಕೆ ಬಳಿದುಕೊಂಡಳು. ಆಮೇಲೆ ಪಕ್ಕದವಳದು. ಒಂದೊಂದಾಗಿ ತಟ್ಟೆಗಳು ಅವಳ ಕಡೆ ಸರಿದು ಬಂದವು. ಎಷ್ಟು ಬೇಗ ಸರಿದು ಬಂದವು ಎಂದರೆ ನಾಚಿಕೆಯಾಗಬೇಕು. ನಾನೂ ನನ್ನದನ್ನು ತಳ್ಳಿದೆ.

"ಕೂತ್ಕೊಂಡು ನೋಡು," ಎಂದಳು ನನಗೆ. "ನಾನು ಮುಗಿಸೋವರೆಗೂ ಏಳ್ಬೇಡ."

ಕೂತು ನೋಡಿದೆ. ಮುಗಿಸಿದಳು.

ಮೂರು ದಿನ ಅವಳಿಗೆ ಭೇದಿ. ಹಾಸಿಗೆಯ ಪಕ್ಕದ ಬಕೆಟ್ ತೊಳೆದದ್ದು ನಾನು, ಬಾಯಿಂದ ಉಸಿರಾಡುತ್ತಾ. ಉಳಿದ ಬಿಲ್ಲೆಗಳನ್ನು ಹಿರಿಯಮ್ಮ ಸದ್ದಿಲ್ಲದೆ ಹಿತ್ತಿಲಲ್ಲಿ ಹೂಳಿಸಿದರು. ಮೂರನೆಯ ದಿನ ಅಡುಗೆಯಕ್ಕ ಬಂದು, ಕೋಣೆ ಇನ್ನು ನಿನ್ನದಂತೆ ಎಂದು ಬೀಗದ ಕೈಯನ್ನು ನನ್ನ ಮುಂದೆ ಇಟ್ಟು ಹೋದಳು.

ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ತಗೋ," ಎಂದಳು. "ನಿನ್ನ ಮೂಗು ಚೆನ್ನಾಗಿದೆಯಲ್ಲ."

ಬಕೆಟ್ ಎತ್ತಿಕೊಂಡು ಹೊರಗೆ ಹೋದೆ. ಬೀಗದ ಕೈಯನ್ನು ಮುಟ್ಟಲಿಲ್ಲ.