ಬಾಯಿ ತೆರೆಸಿದ ಕೋಲು

ನಾನು ಒಂದು ಬಿದಿರಿನ ಕೋಲು. ಹುಟ್ಟಿದ್ದು ಹಳ್ಳದ ದಂಡೆಯ ಮೆಳೆಯಲ್ಲಿ. ಬನಹಟ್ಟಿಯ ನೇಕಾರ ಶಿವಲಿಂಗಪ್ಪ ನನ್ನನ್ನು ಕಡಿದು, ಗೆಣ್ಣು ಸವರಿ, ಹಾವು ಚೇಳು ಬಂದರೆ ಇರಲಿ ಎಂದು ಬಾಗಿಲ ಹಿಂದೆ ನಿಲ್ಲಿಸಿದ. ಹಾವು ಬರಲಿಲ್ಲ. ನನ್ನನ್ನು ಕೆಲಸಕ್ಕೆ ಹಚ್ಚಿದವಳು ಅವನ ತಾಯಿ ನಿಂಗವ್ವ.

ಮೊಮ್ಮಗಳು ಶಶಿಗೆ ಆಗ ಮೂರು ವರ್ಷ. ಊಟವೆಂದರೆ ಹಲ್ಲು ಕಚ್ಚಿ ಕೂರುವ ಹುಡುಗಿ. ಮಗ, ಸೊಸೆ ಇಬ್ಬರೂ ಮಗ್ಗದ ಮೇಲೆ; ಉಣಿಸುವ ಪಾಡು ಮುದುಕಿಯದು. ಅವಳೊಂದು ಉಪಾಯ ಹೂಡಿದಳು. ಮನೆ ಮುಂದಿನ ಕಟ್ಟೆಯ ಕೆಳಗೆ ಮಲಗುವ ಬೀದಿನಾಯಿ ಕರಿಯನ ಪಕ್ಕೆಗೆ ನನ್ನಿಂದ ಒಂದೇಟು. ಅದು ಹಲ್ಲು ಕಿರಿದು ಬೊಗಳುತ್ತಿತ್ತು.

"ನೋಡ, ನಾಯಿ ಬಂತು! ಉಣ್ಣಲಿಲ್ಲಂದ್ರ ನಿನ್ನ ಹರಕೊಂಡು ತಿಂತೈತಿ!"

ಮಗು ಅಳಲು ಬಾಯಿ ತೆರೆಯುತ್ತಿತ್ತು, ತೆರೆದ ಬಾಯಿಗೆ ತುತ್ತು ಬೀಳುತ್ತಿತ್ತು. ಉಳಿದ ರೊಟ್ಟಿ ಅದೇ ನಾಯಿಗೆ. ನಿಂಗವ್ವ ಕೆಟ್ಟವಳಲ್ಲ, ಕೂಸಿನ ಮೈ ತುಂಬಲಿ ಎಂದೇ ಮಾಡಿದಳು. ನನಗೂ ಆಗ ನಾಚಿಕೆ ಅನ್ನಿಸಲಿಲ್ಲ.

ಮರುವರ್ಷ ಶಶಿ ಅಂಗನವಾಡಿಗೆ ಹೊರಟಳು. ಒಂದು ಬೆಳಿಗ್ಗೆ ಕರಿಯ ಬಾಲ ಅಲ್ಲಾಡಿಸುತ್ತ ಹಿಂದೆ ಹೋಯಿತು. ತಿರುಗಿ ನೋಡಿದ ಮಗು ಚಿಟ್ಟನೆ ಚೀರಿ, ಓಡಿ, ಚರಂಡಿಯ ಕಲ್ಲಿಗೆ ಮುಖ ಬಡಿದು ಬಿತ್ತು. ತುಟಿ ಸೀಳಿತು, ಎರಡು ಹಲ್ಲು ಮುರಿದವು. ಕರಿಯ ಹತ್ತಿರ ಹೋಗಿ ಆ ರಕ್ತವನ್ನು ನೆಕ್ಕತೊಡಗಿತು. ಓಣಿಯವರಿಗೆ ಕಂಡದ್ದು ಅದರ ಕೆಂಪು ಮೂತಿ.

"ನಿನ್ನ ಮಗಳ್ನ ನಾಯಿ ಕಚ್ಚೇತೋ ಶಿವಲಿಂಗಾ!"

ಅವನು ನನ್ನನ್ನು ಹಿಡಿದು ಓಡಿದ. ಮೊದಲ ಏಟಿಗೇ ನಾಯಿಯ ಸೊಂಟ ಮುರಿಯಿತು. ಮುಂಗಾಲಲ್ಲಿ ತೆವಳುತ್ತ ಅದು ನಿಂಗವ್ವನ ಕಟ್ಟೆಯ ಕಡೆಗೇ ಹೊರಟಿತು, ರೊಟ್ಟಿ ಹಾಕಿದ ಮನೆಯಲ್ಲವೇ. ತಲೆ ಒಡೆಯುವವರೆಗೂ ಅವನು ಬಿಡಲಿಲ್ಲ. ನನ್ನ ತುದಿ ಸೀಳಿ, ಸೀಳಿನಲ್ಲಿ ಕೂದಲು ಸಿಕ್ಕಿಕೊಂಡಿತು. ಶಶಿ ಎಲ್ಲವನ್ನೂ ನೋಡುತ್ತಿದ್ದಳು.

ಆಸ್ಪತ್ರೆಯಿಂದ ಬಂದ ಶಿವಲಿಂಗಪ್ಪ ಹೊಸ್ತಿಲಲ್ಲೇ ಕೂತ.

"ನಾಯಿ ಕಚ್ಚೇ ಇಲ್ಲಂತ ಯವ್ವಾ. ಎಲ್ಲೂ ಹಲ್ಲಿನ ಗುರುತಿಲ್ಲ. ಕೂಸು ಇಷ್ಟ್ಯಾಕ ಅಂಜಿ ಓಡ್ತು ಅಂತ ಡಾಕ್ಟರ್ ಕೇಳಿದ್ರು."

ಎರಡು ದಿನ ಕೂಸಿನಂತೆ ನಿಂಗವ್ವನೂ ಉಣ್ಣಲಿಲ್ಲ.

ಇಂದು ನನ್ನನ್ನು ಒಲೆಗೆ ಹಾಕಲೆಂದು ಎತ್ತಿಕೊಂಡಳು. ಶಶಿ ಗೋಡೆಗೊರಗಿ ಕೂತಿದ್ದಳು. ಓಣಿಯಲ್ಲಿ ನಾಯಿಯಿಲ್ಲ, ಮುಂದೆ ತಟ್ಟೆಯಿಲ್ಲ, ಯಾರೂ ಗದರಿಲ್ಲ. ನನ್ನನ್ನು ಕಂಡದ್ದೇ ತಡ, ಮಗು ಕಣ್ಣು ಬಿಗಿ ಮುಚ್ಚಿ, ಹೊಲಿಗೆ ಹಾಕಿದ ತುಟಿಯನ್ನು ಅಗಲಿಸಿ ಬಾಯಿ ತೆರೆಯಿತು. ಗಲ್ಲದ ಮೇಲೆ ರಕ್ತ ಇಳಿಯಿತು.

"ಬ್ಯಾಡ ನನ್ನವ್ವ, ಬಾಯಿ ಮುಚ್ಚ..." ನಿಂಗವ್ವ ನನ್ನನ್ನು ಬಿಸಾಕಿ, ಮೊಮ್ಮಗಳ ಕಾಲು ಹಿಡಿದುಕೊಂಡಳು.

ನನ್ನನ್ನು ಸುಟ್ಟರೆ ಸುಡಲಿ, ನಾನದಕ್ಕೆ ತಕ್ಕವನೇ. ಒಲೆಯ ಪಕ್ಕ ಬಿದ್ದಲ್ಲಿಂದಲೇ ನೋಡುತ್ತಿದ್ದೇನೆ. ಮಗು ಇನ್ನೂ ಬಾಯಿ ಮುಚ್ಚಿಲ್ಲ.