ಹೊಟ್ಟೆಯೊಳಗಿನ ಗೀರು

ನಾನು ಒಂದು ಬೀಗ. ಹುಟ್ಟಿದ್ದು ಅಲಿಗಢದ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ. ಮೈ ಹಿತ್ತಾಳೆಯದು, ಕೊಂಡಿ ಉಕ್ಕಿನದು, ಹೊಟ್ಟೆಯೊಳಗೆ ಕೀಲಿಕೈಗಷ್ಟೇ ಮಣಿಯುವ ಆರು ಲಿವರ್‌ಗಳು. ನನ್ನನ್ನು ಮಾಡಿದ ಮುದುಕ ಕೊನೆಯ ಸಲ ಅರ ಉಜ್ಜಿ, ಇದನ್ನು ಯಾರೂ ಏಮಾರಿಸಲಾರರು ಎಂಬಂತೆ ಬೆನ್ನು ತಟ್ಟಿದ. ನಾನೂ ನಂಬಿಬಿಟ್ಟೆ. ಎಳೆ ವಯಸ್ಸಲ್ಲವೇ!

ರೈಲು, ಲಾರಿ ಹತ್ತಿಳಿದು ಇಳಕಲ್ ಕಡೆಯ ಒಂದು ನೇಕಾರರ ಊರಿಗೆ ಬಂದೆ. ಅಂಗಡಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ನನ್ನನ್ನು ಕೊಂಡವನು ಮಾನಪ್ಪ. ಹೊಸದಾಗಿ ಮದುವೆಯಾಗಿದ್ದ. ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ಯುವ ಮುಂಚೆ ನನ್ನನ್ನು ಬಾಗಿಲಿಗೆ ಹಾಕಿ, ಎರಡು ಸಲ ಜಗ್ಗಿ ನೋಡಿದ.

“ಮನ್ಯಾಗ ಏನೈತಂತ ಹಿಂಗ ಜಗ್ಗತೀರಿ?” ಎಂದಳು ಅಂಬವ್ವ.

“ನೀ ಇದ್ದೀಯಲ್ಲ.”

“ನಾ ಹೊರಗ ನಿಮ್ಮ ಜೋಡಿ ನಿಂತೀನಲ್ರೀ!”

ಇಬ್ಬರೂ ನಕ್ಕರು. ಆ ನಗು ಕೇಳಿ ನನಗೆ ಈ ಮನೆ ಹಿಡಿಸಿತು. ಅಂದಿನಿಂದ ಎರಡು ಸಲ ಜಗ್ಗುವುದು ಅವರ ಮನೆಯ ಪದ್ಧತಿಯಾಯಿತು. ಎದೆ ರೋಗ ಬಂದು ಮಾನಪ್ಪ ತೀರಿಕೊಂಡ ಮೇಲೂ ಅಂಬವ್ವ ಅದನ್ನು ಬಿಡಲಿಲ್ಲ. ಮಗ್ಗದ ಶೆಡ್ಡಿಗೆ ಕಂಡಿಕೆಗೆ ನೂಲು ಸುತ್ತಲು ಹೋಗುವಾಗ ನನ್ನನ್ನು ಹಾಕಿ, ಜಗ್ಗಿ, ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು.

ಆ ಮನೆತನಕ್ಕೆ ಬನಶಂಕರಿಯ ಒಂದು ಬೆಳ್ಳಿ ಮುಖವಿತ್ತು. ವರ್ಷಕ್ಕೊಂದು ಮನೆಯಂತೆ ಅದು ನಾಲ್ಕು ಅಣ್ಣತಮ್ಮಂದಿರ ಮನೆಗಳಲ್ಲಿ ಸರದಿಯ ಮೇಲೆ ಇರುತ್ತಿತ್ತು. ಮಾನಪ್ಪ ಹೋದ ಮೇಲೆ ಅವನ ಅಣ್ಣ ರುದ್ರಪ್ಪ ತಕರಾರು ತೆಗೆದ.

“ಗಂಡ ಇಲ್ಲದ ಮನಿಗೆ ದೇವಿ ಹೆಂಗ ಬರ್ತಾಳ?”

“ಸರದಿ ಮನಿದು, ಭಾವ. ಗಂಡಂದಲ್ಲ,” ಎಂದಳು ಅಂಬವ್ವ. ಯಾರ ಎದುರೂ ದನಿ ಎತ್ತದವಳು ಅಂದು ಪಟ್ಟು ಬಿಡಲಿಲ್ಲ. ದೇವಿ ಬಂದಳು. ಆ ಮನೆತನದಲ್ಲಿ ತಾನೂ ಒಬ್ಬಳು ಎಂಬುದಕ್ಕೆ ಅವಳಿಗಿದ್ದ ಆಧಾರ ಅದೊಂದೇ.

ಒಂದು ಮಧ್ಯಾಹ್ನ ಅವಳು ಶೆಡ್ಡಿಗೆ ಹೋದಾಗ ಅಪರಿಚಿತನೊಬ್ಬ ಬಂದ. ಕೈಯಲ್ಲಿ ಎರಡು ಸಣ್ಣ ತಂತಿ. ನನ್ನ ಹೊಟ್ಟೆಯೊಳಗೆ ತೂರಿಸಿ ಕೆದಕಿದ. ಲಿವರ್‌ಗಳ ಮೇಲೆ ಗೀರು ಬಿತ್ತು. ಕೂಗೋಣವೆಂದರೆ ಬಾಯಿ ಎಲ್ಲಿದೆ? ಕೊಂಡಿ ಬಿಟ್ಟುಕೊಂಡಿತು. ಹೋಗುವಾಗ ಆ ಖದೀಮ ನನ್ನನ್ನು ಮೊದಲಿನಂತೆಯೇ ಒತ್ತಿ ಹಾಕಿ ಹೋದ.

ದೀಪ ಹಚ್ಚುವ ಹೊತ್ತಿಗೆ ದೇವಿಯ ಪೆಟ್ಟಿಗೆ ತೆರೆದ ಅಂಬವ್ವ, ಬೆಳ್ಳಿ ಮುಖ ಕಾಣದೆ ಚೀರಿಕೊಂಡಳು. ರುದ್ರಪ್ಪ ಓಡಿ ಬಂದ. “ಕಳ್ಳ ಮುಟ್ಟಿದ ದೇವರಮನಿ, ಮೈಲಿಗಿ ಆಗೈತಿ. ಮೊದಲ ಎಲ್ಲಾ ತೊಳಿ. ಪೊಲೀಸರ್ನ ಆಮ್ಯಾಲ ಕರಿಯೂನು.” ಅವಳು ಅಳುತ್ತಲೇ ನೆಲ ತೊಳೆದಳು, ಪೆಟ್ಟಿಗೆ ತೊಳೆದಳು. ನನ್ನನ್ನೂ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ ವಿಭೂತಿ ಇಟ್ಟಳು.

ಪಿಎಸ್‌ಐ ಸಾಹೇಬರ ಜೊತೆ ಬಂದ ಹೆಡ್ ಕಾನ್‌ಸ್ಟೆಬಲ್ ದಿಲ್‌ಶಾದ್ ನನ್ನ ಹೊಳಪು ಕಂಡು ಹಣೆ ಚಚ್ಚಿಕೊಂಡಳು.

“ಏನ್ ಮಾಡಿದ್ರಿ ಅವ್ವಾ? ಕಳ್ಳನ ಗುರುತೆಲ್ಲಾ ಗಟಾರಕ್ಕ ಹೋತಲ್ಲ!”

ಬೆರಳಚ್ಚಿನವರು ಪುಡಿ ಉದುರಿಸಿ ನೋಡಿದರು. ನನ್ನ ಮೈಮೇಲೆ ಸಿಕ್ಕಿದ್ದು ಅಂಬವ್ವನ ಬೆರಳಚ್ಚು ಮಾತ್ರ. ಅಷ್ಟೇ ಸಾಕಾಯಿತು.

“ಕೀಲಿ ಮುರದಿಲ್ಲ, ಬೆರಳೂ ಆಕೀವ. ಮತ್ತ ಕಳ್ಳ ಎಲ್ಲಿಂದ ಬಂದ?” ಎಂದ ರುದ್ರಪ್ಪ, ಓಣಿಗೆಲ್ಲ ಕೇಳುವಂತೆ. ತೊಳೆ ಎಂದದ್ದು ತಾನೇ ಎಂಬುದು ಅವನಿಗೆ ಮರೆತೇ ಹೋಗಿತ್ತು. ಎಂಥ ಅನುಕೂಲದ ಮರೆವು!

“ತನ್ನ ಮನಿ ಕೀಲಿ ಮ್ಯಾಲ ತನ್ನ ಬೆರಳು ಇರದೆ, ನಿಮ್ಮವು ಇರ್ತಾವೇನ್ರಿ?” ಎಂದು ದಿಲ್‌ಶಾದ್ ಗದರಿಸಿದಳು. ಪೊಲೀಸರ ಎದುರು ಅವನು ತೆಪ್ಪಗಾದ. ಅವರ ಜೀಪು ತಿರುವು ದಾಟಿದ್ದೇ ತಡ, ಮತ್ತೆ ಶುರುಹಚ್ಚಿಕೊಂಡ.

ಮಹಜರು ಮಾಡಿ, ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ನನ್ನನ್ನು ಠಾಣೆಯ ಮುದ್ದೆಮಾಲು ಕೋಣೆಗೆ ಹಾಕಿದರು. ಕದ್ದ ಸೈಕಲ್ಲು, ರಕ್ತದ ಕಲೆಯ ಕುಡುಗೋಲು, ಕಳ್ಳಭಟ್ಟಿಯ ಕ್ಯಾನು, ಇವರೇ ನನ್ನ ನೆಂಟರು. ಕಣ್ಣಿಗೆ ಕತ್ತಲೆಯಾದರೂ ಕಿವಿಗೆ ಎಲ್ಲ ಬೀಳುತ್ತಿತ್ತು. ಅಂಬವ್ವ ವಾರವಾರವೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು.

“ಸಿಕ್ಕನೇನವ್ವಾ?”

ದಿಲ್‌ಶಾದ್ ಚಹಾ ತರಿಸುತ್ತಿದ್ದಳು. ಸುಳ್ಳು ಭರವಸೆ ಕೊಡುತ್ತಿರಲಿಲ್ಲ. ಬೆಳ್ಳಿ ಅಂಗಡಿಗಳನ್ನೆಲ್ಲ ಸುತ್ತಿದ್ದೇವೆ, ಹಳೆ ಕಳ್ಳರನ್ನು ಕರೆಸಿ ಕೇಳಿದ್ದೇವೆ, ಕ್ಯಾಮೆರಾದಲ್ಲಿ ಏನೂ ಕಂಡಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಒಂದು ದಿನ ಅಂಬವ್ವ ಬಿಕ್ಕಿದಳು.

“ಗಂಗಾಳ, ಚರಗಿ ಕದ್ದಿದ್ರ ನಾ ಬರ್ತಿದ್ದಿಲ್ಲವ್ವಾ. ಓಣ್ಯಾಗ ನನ್ನ ಕಳ್ಳಿ ಅಂತಾರ. ಕೈಯಾಗಿನ ನೀರೂ ಕುಡಿಯವಲ್ರು.”

ನಾನು ಮುದ್ರೆಯೊಳಗೇ ಒದ್ದಾಡಿದೆ. ನನ್ನ ಹೊಟ್ಟೆ ಸೀಳಿ ನೋಡಿ, ಗೀರು ಅಲ್ಲಿವೆ! ಯಾರಿಗೆ ಕೇಳಿಸೀತು? ನನ್ನನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂದು ದಿಲ್‌ಶಾದ್ ಕೇಳದೆ ಇರಲಿಲ್ಲ. ಕೊಲೆ ಕೇಸಿನ ಮಾಲುಗಳೇ ಅಲ್ಲಿ ಸಾಲುಗಟ್ಟಿವೆ, ಇದೊಂದು ಬೀಗಕ್ಕೆ ಎಲ್ಲಿ ಜಾಗ ಎಂದು ಸಾಹೇಬರು ತಳ್ಳಿಹಾಕಿದರು. ಕೊನೆಗೆ ಪ್ರಕರಣ ಪತ್ತೆಯಾಗಲಿಲ್ಲವೆಂದು ನ್ಯಾಯಾಲಯಕ್ಕೆ ಸಿ ರಿಪೋರ್ಟ್ ಹೋಯಿತು. ಕಳ್ಳನಿಗೆ ಬಿಡುಗಡೆ, ಅಂಬವ್ವನಿಗೆ ಜೀವಾವಧಿ.

ನ್ಯಾಯಾಲಯದ ಅಪ್ಪಣೆಯಾದ ಮೇಲೆ ದಿಲ್‌ಶಾದಳೇ ನನ್ನನ್ನು ಮನೆಗೆ ತಂದಳು. ಅಷ್ಟರಲ್ಲಿ ರುದ್ರಪ್ಪ ಹೊಸ ಬೆಳ್ಳಿ ಮುಖ ಮಾಡಿಸಿದ್ದ. ಸರದಿ ಈಗ ಮೂರೇ ಮನೆಗೆ. ಅಂಬವ್ವನ ದೇವರ ಗೂಡು ಖಾಲಿಯಿತ್ತು.

“ಅವ್ವಾ, ತಂತಿ ಹಾಕಿ ತಗದಿದ್ರ ಒಳಗ ಗೀರು ಇರ್ತಾವ,” ಎಂದಳು ದಿಲ್‌ಶಾದ್. “ಹೊಸಾ ಪುರಾವೆ ಸಿಕ್ರ ಕೇಸ್ ಮತ್ತ ತೆರೀಬಹುದು. ನಾನ ಓಡಾಡ್ತೀನಿ. ಹೂಂ ಅನ್ರಿ, ಕೀಲಿ ಕೊಯಿಸಿ ನೋಡೂನು.”

ಹೂಂ ಅನ್ನವ್ವಾ, ಎಂದು ನಾನು ಅಂಗಲಾಚಿದೆ. ಅಂಬವ್ವ ನನ್ನನ್ನು ಅಂಗೈಯಲ್ಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು.

“ನಮ್ಮ ಮನಿಯವ್ರು ತಂದಿದ್ದು ಇದೊಂದ ಉಳದೈತಿ. ಕೊಯ್ಯೂದು ಬ್ಯಾಡ. ನನ್ನ ಮಾತು ನಂಬದವ್ರು ಕೀಲಿ ಮಾತು ನಂಬ್ತಾರೇನವ್ವಾ?”

ದಿಲ್‌ಶಾದ್ ಎದ್ದಳು. ಹೊರಡುವಾಗ ಅಂಬವ್ವನಿಂದ ನೀರು ಕೇಳಿ, ತುಂಬಿದ ಚರಿಗೆಯನ್ನು ಓಣಿಯ ಎದುರೇ ಕುಡಿದು ಹೋದಳು.

ಈಗ ನನಗೆ ವಯಸ್ಸಾಗಿದೆ. ಕೊಂಡಿಗೆ ತುಕ್ಕು ಹಿಡಿದಿದೆ. ಅಂಬವ್ವ ದಿನವೂ ಎಣ್ಣೆ ಬಿಡುತ್ತಾಳೆ, ಕದಿಯಲು ಏನೂ ಇಲ್ಲದ ಮನೆಗೆ ನನ್ನನ್ನು ಹಾಕಿ ಎರಡು ಸಲ ಜಗ್ಗುತ್ತಾಳೆ. ಅವಳು ಕಳ್ಳಿಯಲ್ಲ ಎಂಬುದಕ್ಕೆ ಲೋಕದಲ್ಲಿರುವ ಒಂದೇ ಸಾಕ್ಷಿಯನ್ನು ತನ್ನ ಕೈಯಾರೆ ಜೋಪಾನ ಮಾಡುತ್ತಾಳೆ, ಎಲ್ಲಿ ಒಡೆದುಬಿಡುತ್ತದೋ ಎಂಬ ಭಯದಿಂದ.