ಸುಬೇದಾರನ ಹೊಟ್ಟೆಯ ಬನ್ನಿ

ಲೀಲಾಧರ ಶೆಟ್ಟರು ಹೆಂಡತಿಯನ್ನು ಕೇಳದೆ ಎರಡೇ ಎರಡು ದೊಡ್ಡ ಕೆಲಸ ಮಾಡಿದವರು. ಒಂದು, ಠಾಣೆ ಪಟ್ಟಣದ ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿ ನೌಕರಿ ಬಿಟ್ಟು ಕಲ್ಯಾಣ್-ಶೀಳ್ ರಸ್ತೆಯಲ್ಲಿ ಗ್ಯಾರೇಜು ಹಾಕಿದ್ದು. ಇನ್ನೊಂದು, ಮಿಲಿಟರಿ ಹರಾಜಿನಲ್ಲಿ ಸುಬೇದಾರನನ್ನು ಕೊಂಡು ತಂದದ್ದು. ಮೊದಲನೆಯದನ್ನು ಜಯಲತಾ ಎಂದೋ ಕ್ಷಮಿಸಿದ್ದರು.

ಸುಬೇದಾರ ಅಂದರೆ ಒಂದು ಕ್ರೇನ್ ಲಾರಿ. ಸೇನೆಯ ಎಂಜಿನಿಯರ್ ಪಡೆಯವರು ಹೊಳೆಗೆ ಸೇತುವೆ ಹಾಕುವಾಗ ಕಬ್ಬಿಣದ ತೊಲೆಗಳನ್ನು ಎತ್ತಿಡಲು ಬಳಸುತ್ತಿದ್ದ ಗಾಡಿ. 2003ರಲ್ಲಿ ಅದನ್ನು ಇನ್ನೊಂದು ಲಾರಿ ಎಳೆದುಕೊಂಡು ಬಂತು. ಕ್ಯಾಬಿನ್ನಿನಲ್ಲಿ ಹುಲ್ಲು ಬೆಳೆದಿತ್ತು, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. "ಇದರ ಬದಲು ಒಂದು ಎಮ್ಮೆ ತಂದಿದ್ದರೆ ಹಾಲಾದರೂ ಕೊಡ್ತಿತ್ತು ಮಾರಾಯ್ರೆ," ಎಂದರು ಜಯಲತಾ.

ಗಾಡಿ ಕಂಡು ಕಣ್ಣರಳಿಸಿದವನು ಯಂಕಣ್ಣ ಒಬ್ಬನೇ. ರಾಯಚೂರು ಕಡೆಯವನು, ಡೊಂಬಿವಲಿಯ ಕಾರ್ಖಾನೆಗಳಲ್ಲಿ ಹಮಾಲಿ ಮಾಡುತ್ತ, ಬಿಡುವಿದ್ದಾಗ ಶೆಟ್ಟರ ಗ್ಯಾರೇಜಿಗೆ ಬರುತ್ತಿದ್ದ. ಲಾರಿಗೆ ಒಂದು ಪ್ರದಕ್ಷಿಣೆ ಹಾಕಿ, "ಸುಬೇದಾರ್ ಸಾಹೇಬ್ರು ರಿಟೈರ್ ಆಗಿ ಮನಿಗೆ ಬಂದಂಗ ಅದಾರ್ರಿ ಅಣ್ಣಾರ," ಎಂದ. ಹೆಸರು ಅಲ್ಲೇ ಅಂಟಿತು.

ಆಮೇಲಿನ ದಿನಗಳನ್ನು ನೆನೆದರೆ ಶೆಟ್ಟರ ಮೂಗಿಗೆ ಈಗಲೂ ಸೀಮೆಎಣ್ಣೆಯ ವಾಸನೆ ಬರುತ್ತದೆ. ಭಾನುವಾರ ಬಂತೆಂದರೆ ಇಬ್ಬರೂ ಲಾರಿಯ ಅಡಿಯಲ್ಲಿ. ತುಕ್ಕು ಕೆರೆದರು, ಬಿಡಿಭಾಗಗಳಿಗಾಗಿ ಕುರ್ಲಾದ ಗುಜರಿ ಅಂಗಡಿಗಳನ್ನು ಜಾಲಾಡಿದರು, ಅಲ್ಲೂ ಸಿಗದ್ದನ್ನು ಲೇಥಿನಲ್ಲಿ ಮಾಡಿಸಿಕೊಂಡರು. ಡೀಸೆಲ್ ಟ್ಯಾಂಕಿನ ಬಾಯಲ್ಲಿ ಕಸ ತಡೆಯುವ ಜಾಲರಿ ತುಕ್ಕು ತಿಂದು ಮಾಯವಾಗಿತ್ತು. ಯಂಕಣ್ಣ ಹೆಂಡತಿ ಸತ್ಯಮ್ಮನ ಹಿಟ್ಟಿನ ಜರಡಿಯನ್ನು ಕದ್ದು ತಂದು, ಕತ್ತರಿಸಿ, ಬುಟ್ಟಿಯಂತೆ ಬಗ್ಗಿಸಿ ಅಲ್ಲಿ ಕೂರಿಸಿದ. ಹೊಸ ಜರಡಿ ಬರುವ ತನಕ ಅವನು ಹೊಟ್ಟಿನ ರೊಟ್ಟಿಯನ್ನೂ ಸತ್ಯಮ್ಮನ ಬೈಗುಳವನ್ನೂ ಒಟ್ಟಿಗೇ ತಿಂದ.

ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಕೊನೆಗೆ ಹಿಡಿದುಕೊಂಡ ದಿನ ಇಬ್ಬರೂ ಗ್ರೀಸಿನ ಕೈಯಲ್ಲೇ ಅಪ್ಪಿಕೊಂಡರು. 2005ರ ಮಹಾಮಳೆಯಲ್ಲಿ, ನೀರಲ್ಲಿ ಹೂತು ಕೂತಿದ್ದ ಒಂದು ಶಾಲಾ ಬಸ್ಸನ್ನು ಸುಬೇದಾರ ಎಳೆದು ತಂದ. ಅಂದಿನಿಂದ ಜಯಲತಾ ಎಮ್ಮೆಯ ಮಾತೆತ್ತಲಿಲ್ಲ.

ಶೆಟ್ಟರ ಕಡೆ ಆಯುಧಪೂಜೆ ಎಂದರೆ ಗಾಡಿಗೆ ಹಾರ, ಚಕ್ರದಡಿ ನಿಂಬೆಹಣ್ಣು, ಒಂದು ಕುಂಬಳಕಾಯಿ. ಅಲ್ಲಿಗೆ ಹಬ್ಬ ಮುಗಿಯಿತು. ಯಂಕಣ್ಣನಿಗೆ ಮರುದಿನ ಬನ್ನಿ ಕೊಡದಿದ್ದರೆ ಅದು ಹಬ್ಬವೇ ಅಲ್ಲ. ಊರಿನ ಬನ್ನಿ ಇಲ್ಲೆಲ್ಲಿ ಸಿಗಬೇಕು? ಮರಾಠಿ ಜನ ಬಂಗಾರವೆಂದು ಹಂಚುವ ಆಪ್ಟಾ ಎಲೆಯೇ ಅವನ ಬನ್ನಿ. ಎರಡು ಎಲೆ ಬೆಸೆದಂತಿರುವ ಅದನ್ನು ಶೆಟ್ಟರ ಕೈಗಿಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರಿ," ಎನ್ನುವನು. ವರ್ಷವಿಡೀ ಏನೇ ಜಗಳವಿರಲಿ, ಬನ್ನಿ ಕೊಟ್ಟು ತೆಗೆದುಕೊಂಡರೆ ಮುಗಿಯಿತು ಎಂಬುದು ಅವರ ಕಡೆಯ ಕಟ್ಟಳೆ. ಇನ್ನೊಂದು ಎಲೆಯನ್ನು ಟ್ಯಾಂಕಿನ ಮುಚ್ಚಳ ತೆಗೆದು ಜಾಲರಿ ಬುಟ್ಟಿಯಲ್ಲಿಡುವನು. "ಮನಷ್ಯಾಗ ಕೈಗೆ, ಗಾಡಿಗೆ ಬಾಯಿಗೆ!" ಮುಂದಿನ ಸಲ ಡೀಸೆಲ್ ಹಾಕುವಾಗ ಶೆಟ್ಟರು ನಗುತ್ತ ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಕೆಟ್ಟದ್ದು ಬಣ್ಣದಿಂದ. ಖಾಸಗಿ ಗಾಡಿ ಮಿಲಿಟರಿ ಹಸಿರಿನಲ್ಲಿ ಓಡುವಂತಿಲ್ಲ ಎಂದು ಆರ್‌ಟಿಓದವರು ಹೇಳುತ್ತಲೇ ಇದ್ದರು, ಶೆಟ್ಟರು ಮುಂದೂಡುತ್ತಲೇ ಇದ್ದರು. 2008ರಲ್ಲಿ ಯಂಕಣ್ಣ ನೆಂಟರ ಮದುವೆಗೆಂದು ಊರಿಗೆ ಹೋಗಿದ್ದಾಗ ಹಳದಿ ಬಳಿಸಿಬಿಟ್ಟರು. ಮರಳಿ ಬಂದವನು ಬಾಗಿಲಲ್ಲೇ ನಿಂತ.

"ಏನ್ರಿ ಇದು? ಸುಬೇದಾರಗ ಅರಿಶಿಣ ಹಚ್ಚೀರಲ್ರಿ! ಈ ವಯಸ್ಸಿನ್ಯಾಗ ಲಗ್ನ ಮಾಡ್ತೀರೇನು?"

ಅಲ್ಲಿಗೆ ನಕ್ಕಿದ್ದರೆ ಮುಗಿಯುತ್ತಿತ್ತು. ಆದರೆ ಗಿರಾಕಿಗಳಿದ್ದರು, ಅವರು ನಕ್ಕರು, ಶೆಟ್ಟರಿಗೆ ಉರಿಯಿತು. ಕಾಯಿದೆ ಅಂದರು. ಯಂಕಣ್ಣ, "ಒಂದ್ ಮಾತು ನನಗ ಹೇಳಬೇಕಿತ್ತಿಲ್ರಿ?" ಎಂದ.

"ನಿನ್ನನ್ನು ಯಾಕೆ ಕೇಳಬೇಕು? ಗಾಡಿ ಯಾರದ್ದು ಮಾರಾಯ? ನಿನ್ನದಾ, ನನ್ನದಾ?"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಯಂಕಣ್ಣ ಚೀಲ ಹೆಗಲಿಗೇರಿಸಿ ಹೊರಟುಹೋದ. ಆಮೇಲೆ ಟ್ಯಾಂಕಿನ ಮುಚ್ಚಳ ತೆರೆದಾಗಲೆಲ್ಲ ಆ ಜರಡಿ ಬುಟ್ಟಿ ಕಣ್ಣಿಗೆ ಚುಚ್ಚತೊಡಗಿತು. ಒಂದು ದಿನ ಶೆಟ್ಟರು ಅದನ್ನು ಕಿತ್ತು ಮೂಲೆಗೆ ಎಸೆದರು. ಯಂಕಣ್ಣ ಬರುತ್ತಾನೆ ಎಂದು ಇವರು ಕಾದರು, ಆದರೆ ತಾವಾಗಿ ಹೋಗಲಿಲ್ಲ. ಒಣ ಜಂಬ, ಇನ್ನೇನು!

ನಾಲ್ಕು ದಸರಾ ಕಳೆದವು. ಸುಬೇದಾರ ಗ್ಯಾರೇಜಿನ ಅಂಗಳದಲ್ಲೇ ನಿಂತಿರುತ್ತಿದ್ದ, ರಸ್ತೆಗಿಳಿದದ್ದೇ ಅಪರೂಪ. ಗ್ಯಾರೇಜಿನ ಜಾಗ ಬಿಲ್ಡರನ ಪಾಲಾಯಿತು. ಸುಬೇದಾರನನ್ನು ಏನು ಮಾಡುವುದು? ಸಾನಪಾಡಾದ ಒಂದು ಎಂಜಿನಿಯರಿಂಗ್ ಕಾಲೇಜಿನವರು, ಹುಡುಗರಿಗೆ ಕಲಿಯಲು ಇಟ್ಟುಕೊಳ್ಳುತ್ತೇವೆ ಎಂದರು. ಷರತ್ತು ಒಂದೇ: ಗಾಡಿ ತಾನೇ ಓಡಿಕೊಂಡು ಬರಬೇಕು, ಸತ್ತ ಗಾಡಿ ಬೇಡ. ಓಡದಿದ್ದರೆ ಗುಜರಿಯವನ ಗ್ಯಾಸ್ ಕಟರ್ ಕಾದಿತ್ತು. ಅಷ್ಟು ವರ್ಷ ಸಾಕಿದ್ದನ್ನು ತುಂಡು ಮಾಡುವುದನ್ನು ನೆನೆದು ಶೆಟ್ಟರಿಗೆ ಊಟ ಸೇರದಾಯಿತು.

ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ಗುಡುಗುತ್ತಿತ್ತು. ಪರೀಕ್ಷೆಗೆಂದು ರಸ್ತೆಗೆ ತಂದರೆ, ತುಸು ದೂರ ಓಡಿ ಉಸಿರು ಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಫಿಲ್ಟರ್ ಬದಲಿಸಿದರು, ಪಂಪ್ ಬಿಚ್ಚಿ ಜೋಡಿಸಿದರು, ಜಪ್ಪಯ್ಯ ಅಂದರೂ ಸುಬೇದಾರ ಜಗ್ಗಲಿಲ್ಲ. ಕೊನೆಗೆ ಟ್ಯಾಂಕನ್ನೇ ಇಳಿಸಿ, ಡೀಸೆಲ್ ಖಾಲಿ ಮಾಡಿ, ಕವುಚಿ ಅಲುಗಾಡಿಸಿದರು.

ಎಲೆಗಳು ಬಿದ್ದವು. ಆಪ್ಟಾ ಎಲೆ. ಮೂರು ಡೀಸೆಲ್ ಕುಡಿದು ಕಪ್ಪಾಗಿದ್ದವು; ಒಂದು, ಈ ಸಲದ ದಸರಾದ್ದು, ಇನ್ನೂ ಹಸಿರು. ಗಾಡಿ ಕುಲುಕಿದಾಗ ಅವು ಪೈಪಿನ ಬಾಯಿಗೆ ಹೋಗಿ ಅಂಟುತ್ತಿದ್ದವು, ನಿಂತಾಗ ಕಳಚುತ್ತಿದ್ದವು.

ಶೆಟ್ಟರು ನೆಲದಲ್ಲೇ ಕುಳಿತರು. ಹಬ್ಬದ ದಿನ ತಾವು ಬೇಗ ಬಾಗಿಲು ಹಾಕಿ ಠಾಣೆ ಪಟ್ಟಣದ ಮನೆಗೆ ಹೋದ ಮೇಲೆ, ಯಂಕಣ್ಣ ಪ್ರತಿ ವರ್ಷ ಬಂದಿದ್ದ. ಶೆಟ್ಟರ ಕೈಗೆ ಸಿಗಲಿ ಎಂದೇ ಬುಟ್ಟಿಯಲ್ಲಿ ಬನ್ನಿ ಇಡಲು ಹೋಗಿದ್ದ. ಬುಟ್ಟಿ ಇಲ್ಲವೆಂದು ಟ್ಯಾಂಕಿನ ಕತ್ತಲೆ ಬಾಯಲ್ಲಿ ಅವನಿಗೇನು ಗೊತ್ತು? ಜಗಳ ಮುಗಿಸಲು ಅವನು ನಾಲ್ಕು ಸಲ ಕೈ ನೀಡಿದ್ದ. ಇವರಿಗೆ ಒಂದೂ ತಲುಪಿರಲಿಲ್ಲ.

ಹಸಿರೆಲೆಯನ್ನು ಒರೆಸಿ ಜೇಬಿಗೆ ಹಾಕಿಕೊಂಡು ಡೊಂಬಿವಲಿಗೆ ಹೊರಟರು. ಕಾರ್ಖಾನೆಗಳ ಹಿಂದಿನ ಸಾಲುಮನೆಗಳ ಚಾಳಿನಲ್ಲಿ ಬಾಗಿಲು ತೆರೆದವಳು ಸತ್ಯಮ್ಮ. ಇವರನ್ನು ಕಂಡು ಸೆರಗು ಸರಿಪಡಿಸಿಕೊಂಡಳು, ಆದರೆ ನಗಲಿಲ್ಲ.

"ಈಗ ನೆನಪಾತೇನ್ರಿ ಅಣ್ಣಾರ? ಬನ್ನಿ ಇಟ್ಟು ಬಂದು ಸಂಜಿತನಕ ಬಾಗಲಕಡೆ ನೋಡ್ಕೊಂತ ಕುಂದರ್ತಿದ್ರು. ಶೆಟ್ರು ತೊಗೊಂಡಾರ, ಇವತ್ತಿಲ್ಲ ನಾಳೆ ಬರ್ತಾರ ಅಂತ."

ಒಳಗೆ ಮಂಚದ ಮೇಲೆ ಕುಳಿತಿದ್ದ ಯಂಕಣ್ಣ ಏಳಲಿಲ್ಲ. ತಲೆ ಬೆಳ್ಳಗಾಗಿತ್ತು. ಶೆಟ್ಟರು ಜೇಬಿಗೆ ಕೈ ಹಾಕಿದರು. ಎಲೆಯನ್ನು ಚಾಚಿದರು.

"ಆ ಜರಡಿಯನ್ನು ನಾನು ಕಿತ್ತು ಬಿಸಾಡಿದ್ದೆ ಮಾರಾಯ. ಎಲ್ಲ ಹೊಟ್ಟೆಗೆ ಹೋಗಿ ಕೂತಿತ್ತು. ನನಗೆ ಇವತ್ತೇ ಸಿಕ್ಕಿದ್ದು."

ಯಂಕಣ್ಣ ಎಲೆಯನ್ನು ತೆಗೆದುಕೊಂಡು ಮೂಸಿದ.

"ನನ್ನ ಜರಡಿನ ಬಿಸಾಕಿದ್ರೇನು?" ಎಂದಳು ಸತ್ಯಮ್ಮ.

ಯಂಕಣ್ಣನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣೊರೆಸಿಕೊಂಡ. ಶೆಟ್ಟರೂ ಒರೆಸಿಕೊಂಡರು, ಡೀಸೆಲ್ ಕೈಯಲ್ಲೇ, ಅದಕ್ಕೆ ಇನ್ನಷ್ಟು ಉರಿಯಿತು.

ಭಾನುವಾರ ಇಬ್ಬರೂ ಟ್ಯಾಂಕು ಏರಿಸಿದರು. ಮೂಲೆಯಲ್ಲಿ ಬಿದ್ದಿದ್ದ ಬುಟ್ಟಿಯನ್ನು ಹುಡುಕಿ, ತಟ್ಟಿ ನೇರ ಮಾಡಿ, ಮತ್ತೆ ಬಾಯಿಗೆ ಕೂರಿಸಿದರು. ಸುಬೇದಾರ ಶೀಳ್ ನಾಕಾದ ಚೌಕ ದಾಟಿ, ಮಹಾಪೆಯ ಏರು ಹತ್ತಿ, ಎಲ್ಲಿಯೂ ಉಸಿರು ಬಿಡದೆ ಸಾನಪಾಡಾ ತಲುಪಿದ. ದಾರಿಯಲ್ಲಿ ಯಂಕಣ್ಣ, "ಹಳದಿ ಅಷ್ಟೇನ್ ಕೆಟ್ಟಿಲ್ಲ ಬಿಡ್ರಿ," ಎಂದ.

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದು, ಗಾಡಿ ಯಾರದ್ದೆಂದು ಕೇಳಿದ. "ಗಾಡಿ ಕಿಸ್ಕಾ ಹೈ?"

ಶೆಟ್ಟರು ಸ್ಟಿಯರಿಂಗಿನಿಂದ ಕೈ ತೆಗೆದು ಪಕ್ಕದವನ ಕಡೆ ಹೆಬ್ಬೆರಳು ತೋರಿಸಿದರು.

"ಇನ್ಕಾ ಹೈ. ಮೈ ತೋ ಡ್ರೈವರ್ ಹೂಂ."

ಯಂಕಣ್ಣ ಮುಖವನ್ನು ಹೊರಗೆ ತಿರುಗಿಸಿದ. ಗೇಟು ತೆರೆಯುವ ತನಕ ಆ ಹಳದಿ ಬಾಗಿಲನ್ನು ಅಂಗೈಯಿಂದ ಸವರುತ್ತಲೇ ಇದ್ದ.